ಸಂತೆಯಲ್ಲಿ ಕೂತವಳ ಎಂಬಿಎ ಅರ್ಜಿ

ಗೆಳೆಯರೇ, ಎಂಬಿಎ ಅರ್ಜಿ ತುಂಬಲು ಇವತ್ತು ಅವ್ವನ ಜೊತೆ ಗೋಕಾಕದ ಒಂದು ಕೋಚಿಂಗ್ ಕ್ಲಾಸಿಗೆ ಹೋಗಿದ್ದೆ. ನನ್ನ ಬಿಕಾಂ ಅಂಕಪಟ್ಟಿ ನೋಡಿ ಅಲ್ಲಿನ ಸರ್ ಮುಖ ಸಿಂಡರಿಸಿದರು.

"ಮಾರ್ಕ್ಸ್ ಯಾಕ ಇಷ್ಟ ಕಡಿಮಿ ಅಂತ ಕಾರಣ ಬರೀಬೇಕ್ರಿ."

"ಮೂಡಲಗಿ ಸಂತಿ ದಿನ ಕಾಲೇಜಿಗೆ ಹೋಗತಿರಲಿಲ್ರಿ. ಅವ್ವನ ಜೋಡಿ ಕಾಯಿಪಲ್ಲೆ ಮಾರಾಕ ಕೂಡತಿದ್ನಿ," ಎಂದೆ.

"ಸಂತಿ ಗಿಂತಿ ಅಂತ ಬರದ್ರ ಸೀಟ್ ಸಿಗೂದಿಲ್ಲ. ತಾಯಿಗೆ ಜಡ್ಡಾಗಿತ್ತು, ದವಾಖಾನಿಗೆ ಹಾಕಿದ್ವಿ ಅಂತ ಬರೀರಿ. ಎಲ್ಲಾರೂ ಹಂಗ ಬರೀತಾರ."

ಬಾಜೂ ಕುರ್ಚಿಯಲ್ಲಿದ್ದ ಅವ್ವ ಸೆರಗು ಸರಿಮಾಡಿಕೊಂಡಳು. "ನನಗ ಏನಾಗಿತ್ತೋ ತಮ್ಮಾ?"

"ಏನೂ ಆಗಿಲ್ರಿ ಕಾಕೂ. ಸುಮ್ನ ಬರಿಯಾಕ."

"ಸುಮ್ನ ಬರಿಯೂದಾದ್ರ ನಿಮ್ಮವ್ವಗ ಜಡ್ಡಾಗಿತ್ತಂತ ಬರಿ."

ಸರ್ ಕೀಬೋರ್ಡನ್ನು ನನ್ನ ಕಡೆ ತಳ್ಳಿದರು.

ವ್ಯಾಪಾರ ಕಲಿಯಲು ಹೋಗುವವಳು ವ್ಯಾಪಾರ ಮಾಡಿದ್ದನ್ನೇ ಮುಚ್ಚಿಡಬೇಕಂತೆ. ನಾನು ಮುಚ್ಚಿಡಲಿಲ್ಲ. ಸಂತೆ, ಕಾಯಿಪಲ್ಲೆ, ಗಿರಾಕಿಗಳ ಚೌಕಾಶಿ ಎಲ್ಲವನ್ನೂ ಬರೆದೆ. ಸೀಟು ಕೊಡುವವರು ಕೊಡಲಿ, ಬಿಡುವವರು ಬಿಡಲಿ. ಕೊನೆಯ ಸಾಲು ಮಾತ್ರ ಅವ್ವ ಪಟ್ಟು ಹಿಡಿದು ಬರೆಸಿದ್ದು: "ನನ್ನ ತಾಯಿ ಗಟ್ಟಿಮುಟ್ಟಾಗಿದ್ದಾರೆ."