ಹೆಸರು ಕಿತ್ತುಹೋದ ಸಿಲಿಂಡರ್

ವಿಮಾನ ರಿಪೇರಿ ಶೆಡ್ಡಿನ ಉಗ್ರಾಣದಲ್ಲಿ ಆತ ಇಪ್ಪತ್ತಾರು ವರ್ಷ ಗ್ಯಾಸ್ ಸಿಲಿಂಡರುಗಳನ್ನು ಕಾದ. ನೆಟ್ಟಗೆ ನಿಲ್ಲಿಸಿ ಸರಪಳಿ ಬಿಗಿಯುವುದು, ತುಂಬಿದ್ದನ್ನೂ ಖಾಲಿಯನ್ನೂ ಬೇರೆಬೇರೆ ಇಡುವುದು, ಆಕ್ಸಿಜನ್ ಹತ್ತಿರ ಎಣ್ಣೆಗೈ ಸುಳಿಯದಂತೆ ನೋಡಿಕೊಳ್ಳುವುದು ಅವನ ಕೆಲಸ. ಯಾರಾದರೂ ಬಂದು "ಆ ಕಪ್ಪುದು ಕೊಡಿ" ಅಂದರೆ ಜಪ್ಪಯ್ಯ ಅಂದರೂ ಕೊಡುತ್ತಿರಲಿಲ್ಲ.

"ಬಣ್ಣ ಕೇಳ್ಬೇಡ, ಚೀಟಿ ಮೇಲಿನ ಹೆಸರು ಹೇಳು. ಬಣ್ಣ ಹೊಡೆಯೋನು ಯಾರೋ, ಒಳಗೆ ತುಂಬೋನು ಯಾರೋ."

ಹೀಗೆ ಅವನಿಗೆ ಚೀಟಿಯಪ್ಪ ಎಂಬ ಹೆಸರು ಬಿತ್ತು. ಮನೆಯಲ್ಲಿ ಹೆಂಡತಿಗೂ ಚೀಟಿ ಅಂಟಿಸಿದ್ದಾನಂತೆ ಎಂದು ನಗುವವರಲ್ಲಿ ಅವನ ತಂಗಿಯ ಗಂಡನೇ ಮೊದಲಿಗ. ಅವನೂ ಅದೇ ಶೆಡ್ಡಿನಲ್ಲಿ ಮೆಕ್ಯಾನಿಕ್. ಕೆಲಸ ಕೊಡಿಸಿದವನು ಚೀಟಿಯಪ್ಪನೇ.

ಒಂದು ಮಧ್ಯಾಹ್ನ ಹೊಸ ಸರಕು ಬಂತು. ಅದರಲ್ಲಿ ಒಂದು ಸಿಲಿಂಡರಿನ ಚೀಟಿ ಕಿತ್ತುಹೋಗಿತ್ತು, ಒಂದಕ್ಷರವೂ ಉಳಿದಿರಲಿಲ್ಲ. ಅಂಥದ್ದಕ್ಕೆ ಕೂಡಲೇ 'ಬಳಸಬೇಡಿ' ಎಂದು ಬರೆದು ಬೇರೆ ಇಡಬೇಕು, ವಾಪಸು ಕಳಿಸಬೇಕು. ಆದರೆ ಅವನಿಗೆ ಮೂರು ದಿನದಿಂದ ಹಲ್ಲುನೋವು. ಡಾಕ್ಟರು ನಾಲ್ಕಕ್ಕೆ ಬರಹೇಳಿದ್ದರು. ಬೆಳಿಗ್ಗೆ ನೋಡಿದರಾಯಿತು ಎಂದುಕೊಂಡು ಅದನ್ನೂ ಗೋಡೆಗೆ ಸರಪಳಿ ಹಾಕಿ ನಿಲ್ಲಿಸಿ, ಬೀಗದ ಕೈಯನ್ನು ಫೋರ್‌ಮನ್‌ಗೆ ಕೊಟ್ಟು ಹೋದ.

ಐದು ಗಂಟೆಗೆ ಒಂದು ವಿಮಾನದ ಚಕ್ರ ಹೊತ್ತ ಕಾಲಿಗೆ ನೈಟ್ರೋಜನ್ ತುಂಬಬೇಕಾಯಿತು. ಆ ಕಾಲಿನೊಳಗೆ ಎಣ್ಣೆ ಇರುತ್ತದೆ. ಆಕ್ಸಿಜನ್ ಹೊಕ್ಕರೆ ಸಿಡಿಯುತ್ತದೆ. ಆ ಶೆಡ್ಡಿಗೆ ನೈಟ್ರೋಜನ್ ಬರುತ್ತಿದ್ದುದು ಕಪ್ಪು ಸಿಲಿಂಡರಿನಲ್ಲಿ. ತಂಗಿಯ ಗಂಡ ಬಣ್ಣ ನೋಡಿ ನೈಟ್ರೋಜನ್ ಎಂದೇ ನಂಬಿ ಆ ಸಿಲಿಂಡರನ್ನು ಎಳೆದುಕೊಂಡ. ಪೈಪು ಅದರ ಬಾಯಿಗೆ ಕೂರಲಿಲ್ಲ. ಒಂದೊಂದು ಗ್ಯಾಸಿಗೆ ಒಂದೊಂದು ಬಾಯಿ ಮಾಡಿರುವುದೇ ಇಂಥ ತಪ್ಪು ತಡೆಯಲು. ಆದರೆ ಫೋರ್‌ಮನ್ ಬೇಗ ಮುಗಿಸು ಎಂದು ತಲೆಯ ಮೇಲೆ ನಿಂತಿದ್ದ. ಎಲ್ಲಿಂದಲೋ ಒಂದು ಅಡಾಪ್ಟರ್ ತಂದು ಕೂಡಿಸಿದರು. ಒಳಗಿದ್ದದ್ದು ಆಕ್ಸಿಜನ್.

ಆಸ್ಪತ್ರೆಯಲ್ಲಿ ತಂಗಿಯ ಗಂಡ ಎರಡೇ ದಿನ ಜೀವ ಹಿಡಿದಿದ್ದ.

ವಿಚಾರಣೆಗೆ ಬಂದವರು ಅಡಾಪ್ಟರನ್ನೂ ಫೋರ್‌ಮನ್‌ನ ಅವಸರವನ್ನೂ ದೂರಿದರು. ಚೀಟಿಯಪ್ಪನನ್ನು ಯಾರೂ ಏನೂ ಕೇಳಿರಲಿಲ್ಲ. ಅವನಾಗಿಯೇ ಎದ್ದು ನಿಂತ.

"ಚೀಟಿ ಇರ್ಲಿಲ್ಲ ಅಂತ ನಾನು ನೋಡಿದ್ದೆ ಸಾರ್. ನೋಡಿ ಬಿಟ್ಟು ಹೋದೆ."

ಬರೆದುಕೊಂಡರು. ಅವನನ್ನು ಉಗ್ರಾಣದಿಂದ ತೆಗೆದು ಗೇಟಿನಲ್ಲಿ ಕೂರಿಸಿದರು.

ಹದಿನೈದು ದಿನ ಕಳೆದ ಮೇಲೆ ಒಂದು ಸಂಜೆ ಅವನು ತಂಗಿಯ ಮನೆಗೆ ಹೋದ. ಅವಳು ಗಂಡನ ಅಂಗಿಗಳನ್ನು ಮಡಚುತ್ತಾ, ತಲೆ ಎತ್ತದೆ ಕೇಳಿದಳು.

"ನೀನು ಬರೆದಿಟ್ಟಿದ್ರೆ ಅವ್ರು ಅದನ್ನ ಮುಟ್ತಿದ್ರಾ ಅಣ್ಣಾ?"

ಹೇಳಿದ ಮಾತು ಕೇಳುವ ಜಾತಿಯವನಲ್ಲ ನಿನ್ನ ಗಂಡ ಎಂದು ಚೀಟಿಯಪ್ಪ ಅಂದುಬಿಡಬಹುದಿತ್ತು. ತಂಗಿ ನಂಬುತ್ತಿದ್ದಳು.

"ಮುಟ್ತಿರ್ಲಿಲ್ಲಮ್ಮಾ. ನನ್ನ ನೋಡಿ ನಗ್ತಿದ್ದ, ನಿಜ. ಆದ್ರೆ ನಾನು ಬರೆದಿದ್ದನ್ನ ಒಂದು ದಿನಾನೂ ಮೀರಿದೋನಲ್ಲ."

ಅವಳು ಮಡಚಿದ್ದ ಅಂಗಿಯನ್ನೇ ಬಿಚ್ಚಿ ಮತ್ತೆ ಮಡಚಿದಳು. ಊಟ ಮಾಡಿಕೊಂಡು ಹೋಗು ಅನ್ನಲಿಲ್ಲ.

ತಂಗಿ ಸಂಬಂಧವನ್ನೇನೂ ಕಡಿದುಕೊಳ್ಳಲಿಲ್ಲ. ವಾರಕ್ಕೊಮ್ಮೆ ಬಂದು ಅತ್ತಿಗೆಯ ಜೊತೆ ಅಡುಗೆಮನೆಯಲ್ಲಿ ಕೂತಿದ್ದು, ಅವನು ಗೇಟಿನಿಂದ ಮರಳುವ ಹೊತ್ತಿಗೆ ಎದ್ದು ಹೊರಡುವಳು. ಅವನು ನಿವೃತ್ತನಾಗಿ ಹಗಲೆಲ್ಲ ಮನೆಯಲ್ಲೇ ಇರತೊಡಗಿದ ಮೇಲೆ, ಬರುವುದೂ ನಿಂತಿತು.