ಕೊರಳಿಂದ ತೆಗೆದದ್ದು

ಮುಂದಿನ ಸಾಂಕ್ರಾಮಿಕ ಬರುವ ಮೊದಲೇ ದಕ್ಷಿಣದ ಐದು ರಾಜ್ಯಗಳ ಆಸ್ಪತ್ರೆಗಳಿಗೂ ಒಂದೇ ದಾಖಲಾತಿ ಫಾರಂ ಮಾಡಬೇಕೆಂದು ನಾಗರಬಾವಿಯ ಒಂದು ಸಭಾಂಗಣದಲ್ಲಿ ನಮ್ಮನ್ನೆಲ್ಲ ಕೂಡಿಸಿದ್ದರು. ಇಪ್ಪತ್ತೈದು ವರ್ಷ ನರ್ಸ್ ಕೆಲಸ ಮಾಡಿದ ನನಗೆ ಮೀಟಿಂಗ್ ಎಂದರೆ ಮೈ ಉರಿಯುತ್ತದೆ. ‘ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸ್ತಾ ಇದಾರೆ’ ಎಂದು ಪಕ್ಕದಲ್ಲಿದ್ದ ಕೇರಳದ ನರ್ಸ್‌ಗೆ ಹೇಳಿದೆ. ಬೆಂಗಳೂರಲ್ಲಿ ಕೆಲವು ವರ್ಷ ಇದ್ದು ಹೋದವಳು, ಕನ್ನಡ ಚೆನ್ನಾಗಿ ಬರುತ್ತಿತ್ತು. ‘ಹೋದ ಸಲ ಕೂಸು ಹುಟ್ಟಿದ ಮೇಲೂ ಕುಲಾವಿ ಇರಲಿಲ್ಲ ಅಕ್ಕ’ ಎಂದಳು. ನಾನು ಫಾರಂನ ಕರಡು ಹತ್ತಿರ ಎಳೆದುಕೊಂಡೆ.

ಗಡಿ ದಾಟಿ ಬಂದ ರೋಗಿಗಳ ಚೀಟಿ ಓದಲು ಬಾರದೆ ಪಟ್ಟ ಪಾಡು ಎಲ್ಲರಿಗೂ ನೆನಪಿತ್ತು. ಹಾಗಾಗಿ ಕೆಲಸ ಬೇಗ ಸಾಗಿತು. ಏಳನೆಯ ಸಾಲು: ‘ರೋಗಿಯ ಮೈಮೇಲಿನ ಎಲ್ಲ ಒಡವೆಗಳನ್ನು ತೆಗೆಯುವುದು.’ ನನಗೆ ಮುಂದೆ ಓದಲಾಗಲಿಲ್ಲ.

ಕೋವಿಡ್ ಕಾಲದಲ್ಲಿ ನಮ್ಮ ವಾರ್ಡಿಗೆ ಇಲ್ಲೇ ಬೆಂಗಳೂರಿನ ವಿಜಯನಗರದಿಂದ ಒಬ್ಬ ಹಿರಿಯರು ಬಂದಿದ್ದರು, ಮೂಲ ಗದಗದ ಕಡೆಯವರು. ಕೊರಳಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ಇಷ್ಟಲಿಂಗ. ಹುಟ್ಟಿದಾಗ ಕಟ್ಟಿದ್ದು, ಮಣ್ಣು ಸೇರುವಾಗಲೂ ಜೊತೆಗೇ ಹೋಗಬೇಕಾದದ್ದು. ಇದನ್ನು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಪಿಪಿಇ ಕಿಟ್ಟಿನೊಳಗೆ ನನ್ನ ಕೊರಳಲ್ಲೂ ಒಂದಿತ್ತು. ಆದರೂ ರೂಲ್ಸ್ ಅಂದರೆ ರೂಲ್ಸ್ ಎಂದು ಅವರದ್ದನ್ನು ತೆಗೆದು, ಹೆಸರು ಬರೆದು, ಉಂಗುರದ ಜೊತೆ ಕವರಿಗೆ ಹಾಕಿದೆ. ಮೂರನೆಯ ದಿನ ಅವರು ತೀರಿಕೊಂಡರು. ಸುತ್ತಿದ ದೇಹವನ್ನು ಬಿಚ್ಚುವ ಹಾಗಿರಲಿಲ್ಲ. ಲಿಂಗವಿಲ್ಲದೆ ಮಣ್ಣಾದರು. ಕವರು ಒಂದು ವಾರದ ಮೇಲೆ ಮನೆಗೆ ಹೋಯಿತು.

ಗಂಡನಿಗೂ ಹೇಳದ ಇದನ್ನು ಸಭೆಯಲ್ಲಿ ಹೇಳಿದೆ. ಫಾರಂ ಒಂದೇ ಪುಟದಲ್ಲಿ ಮುಗಿಯಬೇಕು, ಜಾಗವಿಲ್ಲ ಎಂದರು ಅಧಿಕಾರಿ. ತಮಿಳುನಾಡಿನ ನರ್ಸ್ ಒಬ್ಬರು ಎದ್ದು, ತಾಳಿ ಬಿಚ್ಚಿಸಿದ ದಿನದಿಂದ ಊಟ ಬಿಟ್ಟ ಹೆಂಗಸಿನ ಕಥೆ ಹೇಳಿದರು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಬಾಯಿ ಬಿಟ್ಟರು. ನಮ್ಮೆಲ್ಲರ ಹೊಟ್ಟೆಯಲ್ಲೂ ಇಂಥದ್ದೊಂದು ಇತ್ತು. ಕೊನೆಗೆ ಅಧಿಕಾರಿಯೇ ‘ಅಕ್ಷರ ಚಿಕ್ಕದು ಮಾಡ್ಸಿ’ ಎಂದರು. ಹೊಸ ಸಾಲು ಸೇರಿತು: ‘ನಿಮ್ಮ ಮೈಯಿಂದ ಯಾವುದನ್ನು ದೂರ ಮಾಡಬಾರದು?’

ನನಗೆ ಖುಷಿಯಾಗಿತ್ತು. ಕೇರಳದವಳು ಮಾತ್ರ ಟೀ ಕುಡಿಯುತ್ತಾ, ‘ಅವರ ಮನೆಯವರಿಗೆ ಹೇಳಿದ್ರಾ ಅಕ್ಕ?’ ಎಂದಳು.

ಹೇಳಿರಲಿಲ್ಲ. ಬಸವೇಶ್ವರನಗರದ ನನ್ನ ಮನೆಯಿಂದ ಅವರ ಮನೆ ಬಹಳ ದೂರವೇನಲ್ಲ. ಇಷ್ಟು ವರ್ಷ ಆ ರಸ್ತೆ ಬಿಟ್ಟು ಸುತ್ತಿಕೊಂಡು ಹೋಗುತ್ತಿದ್ದೆ, ಹೇಡಿ ನಾನು.

ಭಾನುವಾರ ಹೋದೆ. ಅವರ ಹೆಂಡತಿ ಕೂರಿಸಿ ನೀರು ಕೊಟ್ಟರು. ಬಯ್ದರೆ ಬಯ್ಯಲಿ ಎಂದುಕೊಂಡು ಒಂದೇ ಉಸಿರಿಗೆ ಹೇಳಿಬಿಟ್ಟೆ. ‘ನಿಮ್ಮ ಯಜಮಾನ್ರ ಲಿಂಗ ತೆಗೆದವಳು ನಾನೇ ಅಮ್ಮ.’

ಅವರು ನನ್ನ ಮುಖವನ್ನೇ ನೋಡಿದರು. ‘ನೀವು ತಗದ್ರ್ಯಾ? ಅವರು ತಾವೇ ತಗದು ಕೊಟ್ಟಿದ್ದಲ್ಲೇನ್ರೀ?’

‘ಅಲ್ಲ. ಗಟ್ಟಿಯಾಗಿ ಹಿಡ್ಕೊಂಡಿದ್ರು. ಬೆರಳು ಒಂದೊಂದೇ ಬಿಡಿಸ್ದೆ. ಕೊರಳಾಗ ಬ್ಯಾಡಂದ್ರ ಕೈಯಾಗರ ಕೊಡವ್ವಾ ಅಂದ್ರು. ನಾನು ಕೊಡ್ಲಿಲ್ಲ.’

ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ‘ಶಿವನ ಮ್ಯಾಲ ಸಿಟ್ಟಾಗಿ ತಾವೇ ಬಿಚ್ಚಿ ಒಗದು ಹೋದ್ರು ಅಂದ್ಕೊಂಡಿದ್ದೆ. ಇಷ್ಟು ವರ್ಷ ಪೂಜಿಗೆ ಕುಂತಾಗೊಮ್ಮೆ ಅದನ್ನೇ ನೆನಸಿ ಅಳ್ತಿದ್ದೆ.’

ನನಗೂ ಅಳು ತಡೆಯಲಾಗಲಿಲ್ಲ. ಅವರು ಎದ್ದು ಬಂದು ನನ್ನ ಪಕ್ಕ ಕುಳಿತು ಕೈ ಹಿಡಿದರು.

‘ಏನಂದ್ರು ಅವರು? ಇನ್ನೊಮ್ಮೆ ಹೇಳವ್ವಾ.’

ಅವರು ಕೇಳಿದಷ್ಟು ಸಲವೂ ಹೇಳಿದೆ.