ಅಂತರಸಂತೆಯವಳಿಗೆ ಒಂದು ಎಲೆ

ನನ್ನ ಮುತ್ತಜ್ಜಿಯ ಹೆಸರು ನನಗೆ ಗೊತ್ತಿಲ್ಲ. ಇದರಿಂದ ಇಷ್ಟು ದಿನ ಸಂಕೋಚವೇನೂ ಆಗಿರಲಿಲ್ಲ. ನಿಮ್ಮ ಮುತ್ತಜ್ಜಿಯ ಹೆಸರು ನಿಮಗೂ ಗೊತ್ತಿರಲಾರದೆಂಬ ಧೈರ್ಯವಿತ್ತು. ಆದರೆ ಈ ಸಲ ಹಿರಿಯರ ಹಬ್ಬದಲ್ಲಿ ಹೆಸರು ಕರೆಯುವ ಕೆಲಸ ನನ್ನ ಪಾಲಿಗೆ ಬಂತು. ಪ್ರತಿ ವರ್ಷ ಕರೆಯುತ್ತಿದ್ದ ದೊಡ್ಡಪ್ಪ ಈಗ ಕರೆಸಿಕೊಳ್ಳುವವರ ಸಾಲಿಗೆ ಸೇರಿದ್ದಾರೆ.

ನಮ್ಮೂರು ಸಾಲಿಗ್ರಾಮದ ಹತ್ತಿರ. ಮಹಾಲಯ ಅಮಾವಾಸ್ಯೆಯಂದು ನಡುಮನೆಯಲ್ಲಿ ತೀರಿಹೋದ ಒಬ್ಬೊಬ್ಬರಿಗೂ ಬಾಳೆ ಎಲೆ ಹಾಕಿ, ಅವರವರಿಗೆ ಇಷ್ಟವಾದದ್ದನ್ನು ಬಡಿಸಿ, ಹೆಸರು ಹಿಡಿದು ಕರೆದು, ಬಾಗಿಲು ಮುಚ್ಚಿಕೊಂಡು ಹೊರಗೆ ಕೂರುತ್ತೇವೆ, ಅವರು ಉಂಡು ಹೋಗಲಿ ಎಂದು. ಹೆಸರು ಕರೆಯದಿದ್ದರೆ ಬರುವುದಿಲ್ಲವೆಂದು ನಂಬಿಕೆ. ಕೊನೆಯ ಎಲೆ ಮುತ್ತಜ್ಜಿಯದು. ಅವಳು ಕಾಕನಕೋಟೆ ಕಾಡಂಚಿನ ಅಂತರಸಂತೆಯಿಂದ ಮದುವೆಯಾಗಿ ಬಂದವಳು. ಸೊಸೆಯರನ್ನು ತವರೂರಿನಿಂದಲೇ ಗುರುತಿಸುವುದು ನಮ್ಮ ಕಡೆ ರೂಢಿ. ಹಾಗಾಗಿ ಸಾಯುವವರೆಗೂ ಅವಳು ಅಂತರಸಂತೆಯವಳೇ. ಆ ಎಲೆಯ ಮುಂದೆ ದೊಡ್ಡಪ್ಪ ಏನೋ ಗೊಣಗಿ ಕೈಮುಗಿಯುತ್ತಿದ್ದರು. ಅವರಿಗೂ ಹೆಸರು ಗೊತ್ತಿರಲಿಲ್ಲವೇನೋ ಎಂದು ಈಗ ಅನುಮಾನ.

ನನ್ನ ತಲೆಯಲ್ಲೇನೋ ಕೆಂಪಮ್ಮ ಎಂಬ ಹೆಸರೊಂದು ಸುಳಿಯುತ್ತದೆ. ಅಜ್ಜಿ ಹೇಳಿದ್ದೋ, ನಾನೇ ಕಟ್ಟಿಕೊಂಡದ್ದೋ ತಿಳಿಯದು. ದಿನಚರಿ ಬರೆಯುವ ಚಟವಿರುವುದರಿಂದ ನೆನಪಿನ ಕೈಚಳಕ ನನಗೆ ಗೊತ್ತು: ಬೆಳಗ್ಗೆ ನಡೆದದ್ದು ಸಂಜೆ ಬರೆಯುವ ಹೊತ್ತಿಗೇ ಸ್ವಲ್ಪ ಚೆಂದವಾಗಿರುತ್ತದೆ.

ಆ ವಾರ ನಾನು ಓದುತ್ತಿದ್ದುದು ಯಹೂದ್ಯರ ಒಂದು ಹಳೆಯ ವಿವೇಕದ ಪುಸ್ತಕ. ಎರಡು ಸಾವಿರ ವರ್ಷಕ್ಕೂ ಹಿಂದೆ ಜೆರುಸಲೇಮಿನ ಮೇಷ್ಟ್ರೊಬ್ಬರು ಹೀಬ್ರೂ ಭಾಷೆಯಲ್ಲಿ ಬರೆದದ್ದು. ಗೆಳೆತನ, ನಾಲಿಗೆಯ ಹಿಡಿತ, ವೈದ್ಯರಿಗೆ ಕೊಡಬೇಕಾದ ಮರ್ಯಾದೆ, ಔತಣದಲ್ಲಿ ಎಲ್ಲರಿಗಿಂತ ಮೊದಲು ಕೈ ಚಾಚಬಾರದೆಂಬುದು, ಎಲ್ಲಕ್ಕೂ ಅವರಲ್ಲಿ ಬುದ್ಧಿಮಾತಿದೆ. ಕೊನೆಯದನ್ನು ಓದಿದ ದಿನವೇ ನಾನು ಎಡೆಗೆಂದು ಮಾಡಿದ್ದ ಕಜ್ಜಾಯಕ್ಕೆ ಕೈಹಾಕಿ ಸೋದರತ್ತೆಯಿಂದ ಬೈಸಿಕೊಂಡೆ. ಯಹೂದ್ಯರು ಈ ಪುಸ್ತಕವನ್ನು ತಮ್ಮ ಪವಿತ್ರ ಗ್ರಂಥಗಳ ಸಾಲಿಗೆ ಸೇರಿಸಿಕೊಳ್ಳಲಿಲ್ಲ. ಮೇಷ್ಟ್ರ ಮೊಮ್ಮಗ ಈಜಿಪ್ಟಿಗೆ ಹೋಗಿ ಅದನ್ನು ಗ್ರೀಕಿಗೆ ತಂದ. ಮೂಲದ ಕಸುವು ಇನ್ನೊಂದು ಭಾಷೆಯಲ್ಲಿ ಹಾಗೇ ಬರುವುದಿಲ್ಲವೆಂದು ಮುನ್ನುಡಿಯಲ್ಲಿ ಒಪ್ಪಿಕೊಂಡ. ಕಾಲಾಂತರದಲ್ಲಿ ಮೂಲ ಕಣ್ಮರೆಯಾಯಿತು. ಎಷ್ಟೋ ಶತಮಾನ ಕಳೆದ ಮೇಲೆ ಅದರ ಹರಕು ಹಾಳೆಗಳು ಕೈರೋದ ಪ್ರಾರ್ಥನಾಮಂದಿರವೊಂದರ ಉಗ್ರಾಣದಲ್ಲಿ ಸಿಕ್ಕವು. ದೇವರ ಹೆಸರಿರುವ ಕಾಗದವನ್ನು ಎಸೆಯಬಾರದೆಂದು ಅಲ್ಲಿನವರು ಹಳೆಯ ಹಾಳೆಗಳನ್ನೆಲ್ಲ ಆ ಕೋಣೆಗೆ ತುಂಬುತ್ತಿದ್ದರಂತೆ.

ಅಜ್ಜನ ಹೆಸರನ್ನು ಲೋಕಕ್ಕೆ ಉಳಿಸಿಕೊಟ್ಟ ಆ ಮೊಮ್ಮಗ ತನ್ನ ಹೆಸರನ್ನು ಮಾತ್ರ ಬರೆದಿಟ್ಟಿಲ್ಲ. ಅವನ ಹೆಸರು ಸಿಗದ ಕಡೆ ಅಜ್ಜನ ಹೆಸರೂ ಬೇಡವೆಂದು ಅದನ್ನು ನಾನಿಲ್ಲಿ ಬರೆದಿಲ್ಲ. ಆ ಅಜ್ಜನಾದರೋ, ತನ್ನ ಜನದ ಹೆಸರಾಂತ ಹಿರಿಯರನ್ನು ಹೊಗಳಲು ಹೊರಟವನು, ಹುಟ್ಟಿಯೇ ಇರಲಿಲ್ಲವೆಂಬಂತೆ ಮರೆತುಹೋದವರಿಗೂ ಒಂದಿಷ್ಟು ಜಾಗ ಬಿಡುತ್ತಾನೆ. ಅವರಿಗೂ ಒಂದು ಎಲೆ ಹಾಕಿದ ಹಾಗೆ ನನಗೆ ಕಂಡಿತು.

ಹಬ್ಬದ ದಿನ ಒಂದೊಂದೇ ಹೆಸರು ಕರೆಯುತ್ತ ಕೊನೆಯ ಎಲೆಯ ಮುಂದೆ ಬಂದು ನಿಂತೆ. ಬೆನ್ನ ಹಿಂದೆ ಮನೆಯ ಮಕ್ಕಳೆಲ್ಲ ಕಿವಿಗೊಟ್ಟಿದ್ದರು. ಈಗ ನಾನು ಕೆಂಪಮ್ಮ ಎಂದರೆ ಇನ್ನು ಮುಂದೆ ಅವಳು ಕೆಂಪಮ್ಮನೇ. ಅದು ತಪ್ಪಾಗಿದ್ದರೆ, ಅವಳ ಎಲೆಗೆ ಇಲ್ಲದವಳೊಬ್ಬಳನ್ನು ತಂದು ಕೂರಿಸಿದ ಹಾಗೆ. ಸುಮ್ಮನಿದ್ದರೆ, ಅಷ್ಟು ದೂರದಿಂದ ಸೊಸೆಯಾಗಿ ಬಂದವಳನ್ನು ಹಸಿದ ಹೊಟ್ಟೆಯಲ್ಲಿ ಹೊರಗೇ ನಿಲ್ಲಿಸಿದ ಹಾಗೆ.

ದೊಡ್ಡಪ್ಪನ ಮಗ ರಾಜಣ್ಣನಿಗೆ ಹಸಿವು. “ಅಷ್ಟೊಂದು ಓದ್ಕಂಡು ಒಂದ್ ಹೆಸ್ರು ಹೇಳಕ್ಕಾಗಲ್ವೇನ್ಲಾ? ಯಾವ್ದಾರಾ ಒಂದು ಅನ್ನು, ಸಾರು ಆರೋಯ್ತದೆ” ಎಂದ.

“ನೀ ಸುಮ್ಕಿರ್ಲಾ, ಹೊಟ್ಟೆಬಾಕ” ಎಂದರು ಅತ್ತೆ, ಅಡುಗೆಮನೆಯಿಂದ ಬಟ್ಟಲು ಹಿಡಿದು ಬರುತ್ತ. ಆಮೇಲೆ ನನಗೆ ಹೇಳಿದರು: “ಹೆಸ್ರು ಗೊತ್ತಿಲ್ದಿದ್ರೆ ಬುಡು ಕಣ್ಲಾ. ಹುಚ್ಚೆಳ್ಳು ಚಟ್ನಿ ಮಡಗು, ಅವ್ಳೇ ಬತ್ತಾಳೆ.”

ನಮ್ಮದು ಕಾಲುವೆ ನೀರಿನ ಊರು, ಒಣನೆಲದ ಹುಚ್ಚೆಳ್ಳು ಬೆಳೆಯುವವರಿಲ್ಲ. ನಮ್ಮ ಬೀದಿಯಲ್ಲಿ ಎಡೆಗೆ ಈ ಕಪ್ಪು ಚಟ್ನಿ ಇಡುವುದು ನಮ್ಮ ಮನೆಯಲ್ಲಿ ಮಾತ್ರ. ಅಂತರಸಂತೆಯವಳು ಅದನ್ನು ಅಜ್ಜಿಗೆ ಕಲಿಸಿದಳು, ಅಜ್ಜಿ ಅತ್ತೆಗೆ ಕಲಿಸಿದಳು. ಮೂಲ ಕಳೆದುಹೋಗಿ ಅನುವಾದ ಉಳಿದಿದೆ, ಅದೂ ಬೆಳ್ಳುಳ್ಳಿ ಘಮದೊಂದಿಗೆ.

ಚಟ್ನಿ ಬಡಿಸಿ, “ಅಂತರಸಂತೆಯಿಂದ ಬಂದ ಅವ್ವಾ, ಬಾ” ಎಂದೆ. ಕೆಂಪಮ್ಮನನ್ನು ನುಂಗಿಕೊಂಡೆ. ಬಾಗಿಲು ಮುಚ್ಚಿ ಹೊರಗೆ ಕೂತಾಗ ಒಳಗಿನ ಸದ್ದಿಗೆ ಕಿವಿಗೊಟ್ಟವನು ನಾನೊಬ್ಬನೇ ಅಲ್ಲ, ರಾಜಣ್ಣನೂ ಬಾಗಿಲಿನತ್ತ ವಾಲಿಕೊಂಡಿದ್ದ.

ನಾನು ಬರೆದದ್ದನ್ನೆಲ್ಲ ಲೋಕ ಮರೆಯುತ್ತದೆ, ನನ್ನ ಹೆಸರನ್ನು ಅದಕ್ಕೂ ಮೊದಲೇ. ತೊಂದರೆಯಿಲ್ಲ. ಕೊನೆಯ ಎಲೆಗೆ ಯಾರಾದರೂ ಒಂದು ಕಜ್ಜಾಯ ಹೆಚ್ಚಿಗೆ ಇಟ್ಟರೆ ಸಾಕು. ಕರೆಯದಿದ್ದರೂ ಬರುತ್ತೇನೆ, ಎಲ್ಲರಿಗಿಂತ ಮೊದಲೇ ಕೈ ಚಾಚುತ್ತೇನೆ.